ಅಪ್‌ಡೇಟ್: ತಮ್ಮನಿಗೆ ಸ್ಟೆಮ್ ಸೆಲ್ ಕೊಡುವುದು ನಾನಲ್ಲ, ಅಕ್ಕ

ಹೋದ ತಿಂಗಳು ಕೇಳಿದ್ದೆ: ತಮ್ಮನಿಗೆ ಎಎಂಎಲ್ ಅನ್ನೋ ರಕ್ತದ ಕ್ಯಾನ್ಸರ್, ನಮ್ಮಿಬ್ಬರ ಬ್ಲಡ್ ಗ್ರೂಪ್ ಒಂದೇ, ಹಾಗಾದರೆ ಕಸಿಗೆ ನಾನೇ ಸ್ಟೆಮ್ ಸೆಲ್, ಅಂದರೆ ರಕ್ತ ಹುಟ್ಟಿಸುವ ಮೂಲಕೋಶ, ಕೊಡಬಹುದು ಅಲ್ವಾ ಅಂತ. ರಿಪೋರ್ಟ್ ಬಂತು. ಅಕ್ಕ ಕೊಡುತ್ತಾಳೆ. ಅವಳ ಬ್ಲಡ್ ಗ್ರೂಪ್ ಬೇರೆ!

ಇಲ್ಲಿ ಮುಖ್ಯ ಎಚ್‌ಎಲ್‌ಎ, ಅಂದರೆ ಜೀವಕೋಶಗಳ ಮೇಲಿರುವ ಗುರುತು. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬರುತ್ತದೆ, ಹಾಗಾಗಿ ಒಡಹುಟ್ಟಿದ ಒಬ್ಬೊಬ್ಬರದೂ ಪೂರ್ತಿ ಹೊಂದುವ ಸಾಧ್ಯತೆ 4ರಲ್ಲಿ 1 ಮಾತ್ರ. ಅಕ್ಕನದು ನೋಡಿದ 10 ಗುರುತುಗಳಲ್ಲಿ 10ೂ ಹೊಂದಿತು, ನನ್ನದು ಅರ್ಧ. ಬೆಂಗಳೂರಿಂದ ಹಾಸನಕ್ಕೆ ಬರುವ ಬಸ್ಸಲ್ಲಿ ಅಮ್ಮ ಚನ್ನರಾಯಪಟ್ಟಣ ದಾಟುವವರೆಗೂ ಅಕ್ಕನ ಕೈ ಬಿಡಲಿಲ್ಲ.

ಗುರುತು ಹೊಂದದಷ್ಟೂ, ಹೊಸದಾಗಿ ಬಂದ ಕೋಶಗಳು ರೋಗಿಯ ಚರ್ಮ, ಕರುಳು, ಲಿವರ್ ಮೇಲೆ ತಿರುಗಿಬೀಳುವ ಅಪಾಯ ಜಾಸ್ತಿ. ಇದನ್ನೇ ಜಿವಿಎಚ್‌ಡಿ ಅನ್ನುತ್ತಾರೆ. ಪೂರ್ತಿ ಹೊಂದಿದರೂ ಬರಬಹುದು, ಆ ಭಯ ನನಗೆ ಇದ್ದೇ ಇದೆ. ಆದರೆ ಅದೇ ಕೋಶಗಳು ಅಳಿದುಳಿದ ಕ್ಯಾನ್ಸರ್ ಕೋಶಗಳನ್ನೂ ಹುಡುಕಿ ಕೊಲ್ಲುತ್ತವೆ, ಬೇರೆಯವರ ಕೋಶ ಹಾಕುವುದರ ದೊಡ್ಡ ಲಾಭವೇ ಅದು.

ಅರ್ಧ ಹೊಂದಿದವರು ಸುಮ್ನೆ ಕೈಚೆಲ್ಲಬೇಡಿ. ಕಸಿ ಆದಮೇಲೆ ಸೈಕ್ಲೋಫಾಸ್ಫಮೈಡ್ ಅನ್ನೋ ಔಷಧ ಕೊಡುವ ವಿಧಾನ ಬಂದ ಮೇಲೆ ಅಂಥ ಕಸಿಗಳೂ ಚೆನ್ನಾಗಿ ಆಗುತ್ತಿವೆ. ದಾತ್ರಿಯಂಥ ನೋಂದಣಿ ಸಂಸ್ಥೆಗಳಲ್ಲೂ ದಾನಿಗಳನ್ನು ಹುಡುಕಬಹುದು.

ಇನ್ನೊಂದು, ಇದು ನಮಗೆ ಗೊತ್ತೇ ಇರಲಿಲ್ಲ: ಕಸಿಗೆ ಮೊದಲು ರೋಗಿಗೆ ರಕ್ತ, ಪ್ಲೇಟ್‌ಲೆಟ್ ಬೇಕಾದರೆ ಮನೆಯವರು ಕೊಡಬಾರದಂತೆ. ಅವನ ದೇಹ ನಮ್ಮ ಗುರುತುಗಳ ವಿರುದ್ಧ ಆಂಟಿಬಾಡಿ ಬೆಳೆಸಿಕೊಂಡರೆ ಆಮೇಲೆ ಕಸಿ ಹಿಡಿಯುವುದು ಕಷ್ಟ. ನನ್ನ ಗೆಳೆಯರು ಬಂದು ಕೊಟ್ಟರು.

ಸೋಮವಾರ ಅಡ್ಮಿಟ್ ಆಗಬೇಕು.