ಅಪ್‌ಡೇಟ್: ಡಾಕ್ಸಿಜನ್ ಪುಟದಲ್ಲಿ ಫಂಕ್ಷನ್ ಕಾಣದ್ದಕ್ಕೆ ಕಾರಣ ಸಿಕ್ಕಿತು

ಕಳೆದ ವಾರ ಕೇಳಿದ್ದೆನಲ್ಲ, ಮಲ್ಪೆಯ ಐಸ್ ಪ್ಲಾಂಟಿನ ತಾಪಮಾನ ನೋಡುವ ಸಿ ಕೋಡಿಗೆ ಡಾಕ್ಸಿಜನ್ (ಕೋಡಿನ ಕಾಮೆಂಟುಗಳಿಂದ ವಿವರಣೆಯ ಪುಟ ತಯಾರಿಸುವ ಸಾಧನ) ಓಡಿಸಿದರೆ ಸ್ಟ್ರಕ್ಟ್‌ಗಳು (ಡೇಟಾ ಗುಂಪುಗಳು) ಮಾತ್ರ ಬರ್ತವೆ, ಫಂಕ್ಷನ್ ಒಂದೂ ಇಲ್ಲ ಅಂತ. ಸರಿಯಾಯ್ತು ಮಾರಾಯ್ರೆ.

ಕೆಲಸ ಮಾಡಿದ್ದು "ಫೈಲಿನ ತಲೆಯಲ್ಲಿ @ಫೈಲ್ ಹಾಕಿ" ಎಂದವರ ಸಲಹೆ. ಸಿ ಫಂಕ್ಷನ್ ಸೇರಿರುವುದು ಫೈಲಿಗೆ. ಆ ಫೈಲಿಗೇ ವಿವರಣೆ ಇಲ್ಲದಿದ್ದರೆ ಒಳಗಿನ ಫಂಕ್ಷನ್‌ಗೆ ಎಷ್ಟು ಚಂದ ಬರೆದರೂ ಪುಟಕ್ಕೆ ಬರುವುದಿಲ್ಲ. ಪ್ರತಿ .ಸಿ, .ಎಚ್ ಫೈಲಿನ ಮೊದಲಲ್ಲಿ /** @ಫೈಲ್ */ ಒಂದು ಸಾಲು ಸಾಕು. ನಕ್ಷತ್ರ ಎರಡಿರಬೇಕು, ಒಂದೇ ಇದ್ದರೆ ಅದು ಮಾಮೂಲಿ ಕಾಮೆಂಟ್, ಡಾಕ್ಸಿಜನ್ ಮೂಸಿಯೂ ನೋಡುವುದಿಲ್ಲ.

ಆದರೂ ಸೆನ್ಸರ್ ಫೋಲ್ಡರ್ ನಾಪತ್ತೆ! ಡಾಕ್ಸಿಫೈಲಿನಲ್ಲಿ (ಡಾಕ್ಸಿಜನ್ ಸೆಟ್ಟಿಂಗ್ ಇರುವ ಫೈಲ್) ರಿಕರ್ಸಿವ್ ಎಂಬ ಸೆಟ್ಟಿಂಗ್ ಡಿಫಾಲ್ಟ್ ಆಗಿ 'ನೋ' ಇರುತ್ತದೆ, ಒಳಗಿನ ಫೋಲ್ಡರ್‌ಗೆ ಹೋಗುವುದೇ ಇಲ್ಲ. 'ಯೆಸ್' ಮಾಡಿದೆ. ಸ್ಟ್ಯಾಟಿಕ್ (ತನ್ನ ಫೈಲಿನೊಳಗೆ ಮಾತ್ರ ಕಾಣುವ) ಫಂಕ್ಷನ್‌ಗಳಿಗೆ ಎಕ್ಸ್‌ಟ್ರಾಕ್ಟ್_ಸ್ಟ್ಯಾಟಿಕ್ ಕೂಡ 'ಯೆಸ್'.

ಉಪಯೋಗಕ್ಕೆ ಬಾರದ್ದು ಎಕ್ಸ್‌ಟ್ರಾಕ್ಟ್_ಆಲ್. ವಿವರಣೆ ಇಲ್ಲದ್ದೆಲ್ಲ ಪುಟಕ್ಕೆ ಬಂದು ಬಿತ್ತು, ಸ್ಟ್ಯಾಟಿಕ್ ಮಾತ್ರ ಆಗಲೂ ಇಲ್ಲ. ನನಗೆ ಗೊತ್ತೇ ಇಲ್ಲದ ಸಂಗತಿ: ಅದನ್ನು ಹಾಕಿದರೆ 'ಇದಕ್ಕೆ ವಿವರಣೆ ಬರೆದಿಲ್ಲ' ಎನ್ನುವ ಎಚ್ಚರಿಕೆಗಳೂ ತನ್ನಷ್ಟಕ್ಕೆ ಬಂದ್. ನಮಗೆ ಬೇಕಾದದ್ದೇ ಆ ಎಚ್ಚರಿಕೆ, ಹಾಗಾಗಿ ವಾಪಸ್ 'ನೋ'.

ಕನ್ನಡ ಕಾಮೆಂಟ್ ಎಚ್‌ಟಿಎಂಎಲ್‌ನಲ್ಲಿ ಚೊಕ್ಕವಾಗಿ ಬರುತ್ತದೆ, ಫೈಲ್ ಯುಟಿಎಫ್-8ರಲ್ಲಿ ಸೇವ್ ಆಗಿದ್ದರೆ ಸಾಕು. ಪಿಡಿಎಫ್ ಬೇಡದವರು ಜನರೇಟ್_ಲೇಟೆಕ್ಸ್ 'ನೋ' ಮಾಡಿ. ಇಷ್ಟುದ್ದದ ಡಾಕ್ಸಿಫೈಲಿನಲ್ಲಿ ಏನೇನು ಬದಲಾಯಿಸಿದ್ದೀರಿ ಅಂತ ಮರೆತರೆ 'ಡಾಕ್ಸಿಜನ್ -ಎಕ್ಸ್' ಕೊಡಿ, ಡಿಫಾಲ್ಟ್‌ಗಿಂತ ಬೇರೆ ಇರುವ ಸಾಲುಗಳನ್ನಷ್ಟೇ ತೋರಿಸುತ್ತದೆ.