ಚಿಕ್ಕಮಗಳೂರಲ್ಲಿ ಹಳೇ ಮನೆ: ಅಡ್ವಾನ್ಸ್‌ಗೆ ಮುಂಚೆ ಏನು ನೋಡಿಸ್ಬೇಕು?

ಪ್ರಶ್ನೆ: ಕೊಂಡ್ಕೊಳ್ಳೋಕೆ ನೋಡಿರೋದು ಹಂಚಿನ ಮನೆ, ಹಿಂದುಗಡೆ ಆರ್‌ಸಿಸಿ ಅಡುಗೆಮನೆ ಸೇರಿಸಿದ್ದಾರೆ. ಈಗಷ್ಟೇ ಬಣ್ಣ ಹೊಡೆಸಿದ್ದಾರೆ. ಏನೇನು ನೋಡಿಸ್ಲಿ?

ಉತ್ತರ 1: ಹಂಚೂ ಆರ್‌ಸಿಸಿಯೂ ಕೂಡೋ ಜಾಗ ಮೊದಲು ನೋಡಿ ಸಾರ್, ಸೋರೋದು ಹೆಚ್ಚಾಗಿ ಅಲ್ಲೇ. ಪಕಾಸಿ (ಹಂಚು ಹೊರೋ ಇಳಿಜಾರು ಮರ) ಗೋಡೆ ಮೇಲೆ ಕೂರೋ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ; ಸಲೀಸಾಗಿ ಇಳಿದ್ರೆ ಗೆದ್ದಲು ಹಿಡಿದಿದೆ, ಇಲ್ಲಾ ಮರ ಕೊಳೆತಿದೆ. ಹೊಸ ಬಣ್ಣ ನಂಬ್ಬೇಡಿ. ಗೋಡೆಗೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ 24 ಗಂಟೆ ಬಿಡಿ. ಹಾಳೆಯ ಒಳಮೈಲಿ ಹನಿ ಕಂಡ್ರೆ ತೇವ ಗೋಡೆಯದ್ದು, ಹೊರಮೈಲಾದ್ರೆ ಗಾಳಿಯದ್ದು. ಜುಲೈ ಮಳೇಲಿ ಒಂದ್ಸಲ ನೋಡೋಕಾದ್ರೆ ಇನ್ನೂ ಒಳ್ಳೇದು.

ಉತ್ತರ 2: ಬೋರ್ಡಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಇದ್ಯಾ, ಟೆಸ್ಟ್ ಬಟನ್ ಒತ್ತಿದ್ರೆ ಟ್ರಿಪ್ ಆಗುತ್ತಾ ನೋಡಿ. ಇ-ಖಾತೆಲಿ (ಆಸ್ತಿ ದಾಖಲೆ) ಇರೋ ಅಳತೇನ ಟೇಪ್ ಹಿಡಿದು ತಾಳೆ ಮಾಡಿ. ಆ ಅಡುಗೆಮನೆ ಲೆಕ್ಕಕ್ಕೇ ಸೇರಿರಲಿಕ್ಕಿಲ್ಲ.

ಉತ್ತರ 3: ಮಾರೋರು ಬಣ್ಣದ ದುಡ್ಡಲ್ಲಿ ಸೋರಿಕೆ ಸರಿಮಾಡಿಸಿ ಬಿಲ್ ತೋರ್ಸಿದ್ರೆ ಚೌಕಾಸಿ ಕಮ್ಮಿಯಾಗುತ್ತೆ.