ಕೌಜುಗಗಳ ತಲೆಯಲ್ಲಿ ಗಾಯ, ಮೊಟ್ಟೆಯೂ ಕಡಿಮೆ: ಗೂಡಿನಲ್ಲಿ ಏನು ತಪ್ಪಿದೆ?

ಸದಾಶಿವಗಡದ ಹೊಸಬ:
ಕಾಳಿ ನದಿಯ ಈಚೆ ದಂಡೆಯಲ್ಲಿ ನಮ್ಮ ಮನೆ. ಮಗಳು ಆಸೆಪಟ್ಟಳೆಂದು ಏಪ್ರಿಲ್‌ನಲ್ಲಿ ಎಂಟು ಜಪಾನಿ ಕೌಜುಗಗಳನ್ನು (ಕ್ವೇಲ್ ಹಕ್ಕಿ) ತಂದೆವು. ಸಾಕುವುದಕ್ಕಾಗಿಯೇ ತಂದದ್ದು, ಮಾಂಸಕ್ಕಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತಂತಿಗೂಡು ಮಾಡಿಸಿ, ಮೇಲೆ ತಗಡು ಹೊದಿಸಿ ಹಿತ್ತಿಲಲ್ಲಿ ಇಟ್ಟಿದ್ದೇನೆ. ನೆಲಕ್ಕೂ ತಂತಿಬಲೆಯೇ ಇದೆ. ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಎರಡು ಹಕ್ಕಿಗಳ ತಲೆಯಲ್ಲಿ ರಕ್ತ. ಈಗ ಮೂರಕ್ಕೆ ಗಾಯವಾಗಿದೆ. ಬೇರೆ ಎರಡರ ಗರಿ ಉದುರಿದೆ. ದಿನಕ್ಕೆ ನಾಲ್ಕೈದು ಸಿಗುತ್ತಿದ್ದ ಮೊಟ್ಟೆ ಒಂದಕ್ಕೆ ಇಳಿದಿದೆ. ಮೊಟ್ಟೆಯಿಡುವ ಕೋಳಿಗಳಿಗೆ ಕೊಡುವ ಲೇಯರ್ ಮೇವು ಹಾಕುತ್ತಿದ್ದೇನೆ. ಗಾಯಕ್ಕೆ ಅರಿಶಿನ ಕಲಸಿದ ತೆಂಗಿನೆಣ್ಣೆ ಹಚ್ಚಿದೆ. ಮಗಳ ಕೈಯಿಂದ ಕಾಳು ತಿನ್ನುತ್ತಿದ್ದ ಹಕ್ಕಿ ಈಗ ಮೂಲೆ ಬಿಟ್ಟು ಬರುವುದಿಲ್ಲ. ರೋಗವೇ? ಜಗಳವೇ?

ಶಿರಸಿಯ ತೋಟದಮನೆ:
ಮೊದಲು ನಾಲ್ಕು ವಿಷಯ ನೋಡಿ ಹೇಳಿ. ಗಾಯ ಇರುವುದು ನೆತ್ತಿಯ ಮುಂಭಾಗದಲ್ಲೋ ಕುತ್ತಿಗೆಯ ಹಿಂದೆಯೋ? ಎಂಟರಲ್ಲಿ ಗಂಡು ಎಷ್ಟು? ರಾತ್ರಿ ಗೂಡಿನಿಂದ ಸದ್ದು ಬರುತ್ತದೆಯೇ? ತಂತಿಬಲೆಯ ಕಣ್ಣು ಎಷ್ಟು ದೊಡ್ಡದು? ಗಂಡಿನ ಎದೆ ಚುಕ್ಕೆಯಿಲ್ಲದೆ ಇಟ್ಟಿಗೆ ಬಣ್ಣದಲ್ಲಿರುತ್ತದೆ, ಹೆಣ್ಣಿನ ಎದೆ ಮಾಸಲಾಗಿದ್ದು ಅದರ ಮೇಲೆ ಕಪ್ಪು ಚುಕ್ಕೆಗಳಿರುತ್ತವೆ.

ಸದಾಶಿವಗಡದ ಹೊಸಬ:
ರಕ್ತ ಬಂದ ಮೂರಕ್ಕೂ ಗಾಯ ನೆತ್ತಿಯ ಮುಂಭಾಗದಲ್ಲಿದೆ, ಕೊಕ್ಕಿನ ಮೇಲೆಯೇ. ಗರಿ ಹೋದ ಎರಡು ಚುಕ್ಕೆ ಎದೆಯವು, ಅವುಗಳ ಕುತ್ತಿಗೆಯ ಹಿಂದೆ ಬೋಳಾಗಿದೆ. ಇಟ್ಟಿಗೆ ಬಣ್ಣದವು ಮೂರು. ಅವುಗಳ ಹಿಕ್ಕೆಯ ಜೊತೆ ಬಿಳಿ ನೊರೆ ಬರುತ್ತದೆ, ಅದನ್ನೇ ರೋಗವೆಂದು ಹೆದರಿದ್ದೆ. ರಾತ್ರಿ ಎರಡರ ಸುಮಾರಿಗೆ ಧಡ್ ಧಡ್ ಎಂದು ಕೇಳಿಸುತ್ತದೆ. ತೆಂಗಿನಕಾಯಿ ಬಿದ್ದಿರಬೇಕು ಎಂದುಕೊಳ್ಳುತ್ತಿದ್ದೆ. ಬಲೆಯ ಕಣ್ಣು ಒಂದು ಇಂಚು. ಮೇವಿನ ತಟ್ಟೆಯ ಬಳಿ ಇಲಿಯ ಹಿಕ್ಕೆ ಇದೆ.

ಶಿರಸಿಯ ತೋಟದಮನೆ:
ಹಾಗಾದರೆ ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ತೊಂದರೆ. ನೊರೆಗೆ ಹೆದರಬೇಡಿ, ಪ್ರಾಯಕ್ಕೆ ಬಂದ ಆರೋಗ್ಯವಂತ ಗಂಡಿಗೆ ಅದು ಸಹಜ.

ನೆತ್ತಿಯ ಗಾಯಕ್ಕೆ ಕಾರಣ ಗೂಡಿನ ಎತ್ತರ. ಕೌಜುಗ ತಟ್ಟನೆ ಬೆದರಿದರೆ ನಿಂತಲ್ಲಿಂದ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಬಯಲಿನಲ್ಲಿ ಅದರ ಜೀವ ಉಳಿಸುವ ಅಭ್ಯಾಸವೇ ಗೂಡಿನಲ್ಲಿ ತಲೆ ಒಡೆಯುತ್ತದೆ. ಚಾವಣಿ ಒಂದು ಅಡಿಗಿಂತ ತಗ್ಗಾಗಿದ್ದರೆ ಚಿಮ್ಮಲು ವೇಗ ಸಿಗುವುದಿಲ್ಲ. ಆರಡಿಗಿಂತ ಎತ್ತರವಿದ್ದರೆ ಸಾಮಾನ್ಯವಾಗಿ ತಾಗುವುದಿಲ್ಲ. ನಿಮ್ಮ ಎರಡು ಅಡಿಯೇ ಪೆಟ್ಟಿನ ಎತ್ತರ. ರಾತ್ರಿ ಇಲಿ ಬರುತ್ತದೆ, ತಗಡಿನ ಮೇಲೆ ಮಳೆ ಬಡಿಯುತ್ತದೆ, ಹಕ್ಕಿಗಳು ಕತ್ತಲಲ್ಲಿ ಹಾರಿ ತಂತಿಗೆ ಅಪ್ಪಳಿಸುತ್ತವೆ. ವೆಲ್ಡಿಂಗ್‌ನವರಿಗಾಗಿ ಕಾಯಬೇಡಿ. ಇಂದೇ ಒಳಗೆ, ನೆಲದಿಂದ ಹತ್ತು ಇಂಚು ಮೇಲೆ, ದಪ್ಪ ಹತ್ತಿಬಟ್ಟೆಯನ್ನು ತುಸು ಸಡಿಲವಾಗಿ ಚಾವಣಿಯಂತೆ ಅಡ್ಡ ಕಟ್ಟಿ.

ಕುತ್ತಿಗೆ ಬೋಳಾಗಿರುವುದು ಗಂಡುಗಳಿಂದ. ಕೂಡುವಾಗ ಗಂಡು ಹೆಣ್ಣಿನ ಕುತ್ತಿಗೆಯ ಗರಿಯನ್ನು ಕಚ್ಚಿ ಹಿಡಿಯುತ್ತದೆ. ಐದು ಹೆಣ್ಣುಗಳಿಗೆ ಮೂರು ಗಂಡು ಬಹಳ ಹೆಚ್ಚಾಯಿತು. ಒಂದನ್ನು ಉಳಿಸಿ ಎರಡನ್ನು ಬೇರ್ಪಡಿಸಿ. ಆ ಎರಡನ್ನೂ ಒಟ್ಟಿಗೆ ಬಿಟ್ಟರೆ ಕಾದಾಡಬಹುದು, ನಡುವೆ ಹಲಗೆ ಹಾಕಿ.

ಗಾಯಕ್ಕೆ ಎಣ್ಣೆ ಬೇಡ, ಗರಿ ಅಂಟಿಕೊಂಡು ಕೊಳೆ ಹಿಡಿಯುತ್ತದೆ. ಕುದಿಸಿ ಆರಿಸಿದ ನೀರಿನಿಂದ ಒರೆಸಿ, ನೀರು ಬೆರೆಸಿ ತೆಳುವಾಗಿಸಿದ ಪೊವಿಡೋನ್ ಅಯೋಡಿನ್ ಎಂಬ ಗಾಯದ ಔಷಧಿ ಹಚ್ಚಿ. ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಕೆಂಪು ಕಂಡಲ್ಲಿ ಉಳಿದವು ಕುಟುಕುತ್ತವೆ, ಆದ್ದರಿಂದ ಗಾಯಗೊಂಡವು ವಾಸಿಯಾಗುವವರೆಗೆ ಬೇರೆ ಇರಲಿ. ಹಕ್ಕಿ ಮಂಕಾದರೆ, ಕುತ್ತಿಗೆ ತಿರುಚಿಕೊಂಡರೆ ಪಶುವೈದ್ಯರಿಗೆ ತೋರಿಸಲು ತಡ ಮಾಡಬೇಡಿ.

ಅಂಕೋಲೆಯ ಓದುಗ:
ಬಟ್ಟೆಯ ಬದಲು ಹಳೆಯ ಮೀನುಬಲೆ ಆಗದೇ? ನಮ್ಮ ಕಡೆ ಬೇಕಾದಷ್ಟು ಸಿಗುತ್ತದೆ. ಹೆಚ್ಚಿನ ಗಂಡುಗಳನ್ನು ಬೇಣಕ್ಕೆ (ಹುಲ್ಲುಗಾವಲಿಗೆ) ಬಿಟ್ಟರೆ ಹೇಗೆ?

ಶಿರಸಿಯ ತೋಟದಮನೆ:
ಮೀನುಬಲೆ ಖಂಡಿತ ಬೇಡ. ಉಗುರು, ಕುತ್ತಿಗೆ ಸಿಕ್ಕಿಕೊಂಡು ಬೆಳಗಾಗುವುದರೊಳಗೆ ಸಾಯುತ್ತವೆ. ಬೇಣಕ್ಕೂ ಬಿಡಬೇಡಿ. ಮನುಷ್ಯರ ಕೈಯಲ್ಲಿ ಬೆಳೆದ ಹಕ್ಕಿಗೆ ಮೇವು ಹುಡುಕುವುದೂ ಅಡಗುವುದೂ ತಿಳಿಯದು. ಸಾಕುವವರು ಸಿಕ್ಕರೆ ಕೊಡಿ.

ಕುಮಟೆಯ ಕಡಲಂಚು:
ಕರಾವಳಿಯ ಮಳೆಯ ಬಗ್ಗೆ ನನ್ನ ಮಾತು ಸೇರಿಸುತ್ತೇನೆ. ಇಲ್ಲಿ ಮಳೆ ಅಡ್ಡಡ್ಡ ಬೀಸುತ್ತದೆ. ಪಡುವಣ ಬದಿಗೆ ಟಾರ್ಪಾಲಿನ್ ಕಟ್ಟಿ, ಆದರೆ ಗಾಳಿಯಾಡಲು ಒಂದು ಬದಿ ತೆರೆದಿರಲಿ. ತಗಡಿನ ಮೇಲೆ ತೆಂಗಿನ ಮಡಲು ಹೊದಿಸಿದರೆ ಸದ್ದು ತಗ್ಗುತ್ತದೆ. ಒಂದು ಇಂಚಿನ ಬಲೆಯಲ್ಲಿ ಇಲಿಮರಿ ನುಸುಳುತ್ತದೆ, ಇಲಿಯ ಹಿಂದೆ ಕೇರೆ ಹಾವು ಬರುತ್ತದೆ. ಅರ್ಧ ಇಂಚಿನ ಬಲೆ ಹಾಕಿ, ರಾತ್ರಿ ಮೇವಿನ ತಟ್ಟೆ ತೆಗೆದುಬಿಡಿ. ತಂತಿಯ ಮೇಲೆಯೇ ನಿಂತರೆ ಪಾದ ಹುಣ್ಣಾಗುತ್ತದೆ. ಹಲಗೆ ಹಾಸಿ ಎರಡು ಇಂಚು ಒಣ ಭತ್ತದ ಹೊಟ್ಟು ಹರಡಿ, ಒದ್ದೆಯಾದದ್ದನ್ನು ಆಗಲೇ ತೆಗೆಯಿರಿ. ಮೂಗಿಗೆ ಘಾಟು ಬಡಿದರೆ ತಡವಾಗಿದೆ ಎಂದೇ ತಿಳಿಯಿರಿ. ಮಣ್ಣುಸ್ನಾನಕ್ಕೆ ಒಂದು ಬೋಗುಣಿ ಒಣ ಹೊಳೆಮರಳು ಇಡಿ. ಕಡಲ ಮರಳು ಉಪ್ಪಿನಿಂದ ತೇವ ಎಳೆದುಕೊಳ್ಳುತ್ತದೆ.

ಮೇವನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಡಿ, ಬೂಸ್ಟು ಹಿಡಿದದ್ದನ್ನು ಎಸೆಯಿರಿ. ಕೋಳಿಯ ಲೇಯರ್ ಮೇವಿನಲ್ಲಿ ಪ್ರೋಟೀನ್ ಸಾಮಾನ್ಯವಾಗಿ ಶೇ 16ರಿಂದ 18 ಇರುತ್ತದೆ, ಮೊಟ್ಟೆಯಿಡುವ ಕೌಜುಗಕ್ಕೆ ಶೇ 20ರಷ್ಟಾದರೂ ಬೇಕು. ಕೌಜುಗದ ಮೇವು ಸಿಗದಿದ್ದರೆ ಮಾಂಸದ ಕೋಳಿಯ ಮರಿಗಳಿಗೆ ಕೊಡುವ ಬ್ರಾಯ್ಲರ್ ಸ್ಟಾರ್ಟರ್ ಮೇವು ಹಾಕಿ. ಜೊತೆಗೆ ಚಿಪ್ಪಿಕಲ್ಲಿನ ಚಿಪ್ಪನ್ನು ತೊಳೆದು, ಒಣಗಿಸಿ, ಕುಟ್ಟಿ ಬೇರೆ ಬಟ್ಟಲಿನಲ್ಲಿಡಿ. ಬೇಕಾದ ಹೆಣ್ಣು ತಾನೇ ತಿನ್ನುತ್ತದೆ.

ಸದಾಶಿವಗಡದ ಹೊಸಬ:
ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ. ಬಟ್ಟೆ ಕಟ್ಟಿದ ರಾತ್ರಿಯಿಂದ ಹೊಸ ಗಾಯವಾಗಿಲ್ಲ. ಬಲೆ ಬದಲಾಯಿಸಿದೆ. ಎರಡು ಗಂಡುಗಳು ಬೇರೆ ಗೂಡಿನಲ್ಲಿವೆ. ನಿನ್ನೆ ಮೂರು ಮೊಟ್ಟೆ ಸಿಕ್ಕವು. ಮಗಳ ಹಕ್ಕಿಯ ನೆತ್ತಿಯಲ್ಲಿ ಗಾಯದ ಹಕ್ಕಳೆ ಉದುರಿ ಸಣ್ಣ ಗರಿ ಮೂಡುತ್ತಿದೆ. ಅದನ್ನು ಉಳಿದವುಗಳ ಜೊತೆ ಯಾವಾಗ ಬಿಡಲಿ? ನಿಮ್ಮೆಲ್ಲರ ಉಪಕಾರ ಮರೆಯುವುದಿಲ್ಲ.

ಶಿರಸಿಯ ತೋಟದಮನೆ:
ಓದಿ ಬಹಳ ಸಂತೋಷವಾಯಿತು. ಗರಿ ಚರ್ಮವನ್ನು ಪೂರ್ತಿ ಮುಚ್ಚಲಿ. ನಂತರ ನಾಲ್ಕೈದು ದಿನ ಅದೇ ಗೂಡಿನೊಳಗೆ ಬಲೆಯ ಅಡ್ಡಗೋಡೆಯ ಆಚೆ ಇಡಿ, ಪರಸ್ಪರ ನೋಡಿಕೊಳ್ಳಲಿ. ಬಿಡುವ ದಿನ ತಟ್ಟೆ, ಮರಳಿನ ಬೋಗುಣಿಗಳ ಜಾಗ ಬದಲಿಸಿ. ಆಗ ಎಲ್ಲಕ್ಕೂ ಗೂಡು ಹೊಸದೆನಿಸುತ್ತದೆ. ಬೆಳಿಗ್ಗೆಯೇ ಬಿಡಿ, ಹಗಲೆಲ್ಲ ಮಗಳು ಹತ್ತಿರ ಕುಳಿತು ನೋಡಬಹುದು.